ಹಿಂದಿನ ಸೀಟು

ಚುಬೂತ್ ಕಣಿವೆಯಲ್ಲಿ ಗಾಳಿ ಏಳುವುದು ಹತ್ತಕ್ಕೆ.
ಅಷ್ಟರೊಳಗೆ ಮುಗಿಸಬೇಕು, ಆರಕ್ಕೇ ಬಾ
ಅಂದಿದ್ದರು ದೋನ್ಯಾ ಎಲಿನೆಡ್. ಬಂದೆ.
ಪಾಪ್ಲರ್ ಸಾಲಿನಲ್ಲಿ ಒಂದೆಲೆಯೂ ಅಲುಗಿರಲಿಲ್ಲ.
ಹುಲ್ಲುಪಟ್ಟಿಯ ಕೊನೆಯಲ್ಲಿ ಹಳದಿ ವಿಮಾನ
ಮೂಗೆತ್ತಿ, ಬಾಲ ನೆಲಕ್ಕೂರಿ ಕೂತಿತ್ತು,
ಅನ್ನ ಹಾಕದೆ ಏಳುವುದಿಲ್ಲ ಎನ್ನುವ ನಾಯಿಯ ಹಾಗೆ.

ನನ್ನ ಪುಸ್ತಕದಲ್ಲಿ ಮುನ್ನೂರ ಹನ್ನೆರಡು ಗಂಟೆಗಳಿದ್ದವು,
ಎಲ್ಲವೂ ಮೂಗಿನಡಿ ಗಾಲಿಯಿದ್ದ ಸೆಸ್ನಾದಲ್ಲಿ,
ಕಾರು ಓಡಿಸಿದಷ್ಟು ಸಲೀಸಾಗಿ.
ಅದನ್ನು ಧಣಿ ಮಾರಿಬಿಟ್ಟ.
ಬೇಲಿ ಎಲ್ಲಿ ಹರಿದಿದೆ, ಕುರಿ ಎಲ್ಲಿ ಚದುರಿವೆ
ನೋಡಲು ಇನ್ನು ಇದೇ ಗತಿ:
ನನ್ನಪ್ಪನಿಗಿಂತ ಎರಡು ವರ್ಷ ಹಿರಿದು,
ಬಟ್ಟೆಯ ಮೈ,
ಪೆಟ್ರೋಲು ಎಷ್ಟಿದೆ ಎನ್ನಲು
ಬೆಂಡಿನ ಮೇಲೆ ನಿಂತ ಒಂದು ತಂತಿ.
ಅದು ಮುಳುಗುತ್ತ ಬಂದರೆ ಮನೆಗೆ ಹೋಗು, ಅಷ್ಟೇ.

"ಒಂದು ಸುತ್ತು ನೋಡಿಕೊಂಡು ಬಾ."
ನೋಡಿದೆ, ಬಲ್ಲವನ ಠೀವಿಯಲ್ಲಿ.
ರೆಕ್ಕೆ ತಟ್ಟಿದೆ, ಟೈರು ಒದ್ದೆ,
ಕಡ್ಡಿ ಅದ್ದಿ ಎಣ್ಣೆ ನೋಡಿದೆ, ಚುಕ್ಕಾಣಿಯ ತಂತಿ ಮೀಟಿದೆ.
ಯೆರ್ಬಾ ಕಷಾಯದ ಕೊಳವೆಯನ್ನು ತುಟಿಯಿಂದ ತೆಗೆದು
"ಪೂರ್ತಿ?" ಅಂದರು.
"ಪೂರ್ತಿ."

ಪಕ್ಕದ ತೋಟದ ಹುಡುಗ ಪ್ರೊಪೆಲರ್ ಎಳೆದು ಜಿಗಿದ.
ಹಿಂದಿನ ಸೀಟು ನನ್ನದು.
ಮುಂದೆ ಅವರ ಎಪ್ಪತ್ತೊಂದರ ಅಗಲ ಭುಜ,
ಮೇಲೊಂದು ಕುರಿಯುಣ್ಣೆಯ ಟೋಪಿ,
ಅದರಾಚೆ ಎಲ್ಲೋ ಮುಳ್ಳು, ಅಂಕಿ, ಗಾಜು.
"ವೇಗ ಕಾಣುತ್ತಿಲ್ಲ!" ಕೂಗಿದೆ.
"ಕಾಣದಿದ್ದರೆ ಕೇಳು!"

ಮುಂದಿನದೊಂದೂ ಕಾಣದು. ಹಾವಿನ ನಡಿಗೆಯಲ್ಲಿ
ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಣುಕುತ್ತ ಹೋದೆ.
ಬ್ರೇಕು ಹಿಮ್ಮಡಿಯಲ್ಲಿತ್ತು. ನನ್ನ ಬುದ್ಧಿ ಇನ್ನೂ ಹೆಬ್ಬೆರಳಲ್ಲೇ.

ಮೊದಲ ಇಳಿತ ಒಂದು ಇಳಿತವಲ್ಲ, ಮೂರು.
ಎರಡನೆಯದಕ್ಕೆ ವಿಮಾನ ಬಾಲ ಬಿಚ್ಚಿತು,
ನನ್ನನ್ನೇ ಹಿಂದೆ ಹಾಕಿ ಮುಂದೆ ಬರಲು ಹೊರಟಿತು.
ಅವರ ಕಾಲು ಅಲುಗಿತೋ ಇಲ್ಲವೋ, ನೆಟ್ಟಗಾಯಿತು.
"ಹಗ್ಗ ಬಿಗಿಯುವವರೆಗೂ ಹಾರುತ್ತಲೇ ಇದ್ದೀ ಅಂದುಕೋ,
ರಮಿರೊ ಕಿಲಾಕೆಯೊ."
ಪೂರ್ತಿ ಹೆಸರು ಹಿಡಿದು ಕರೆದರೆ
ನನಗೆ ಈಗಲೂ ಶಾಲೆಯ ಬೆಂಚು.

ಐದೋ ಆರೋ ಸಲ. ತೆರೆದ ಬಾಗಿಲಲ್ಲಿ ಕುದುರೆಮೇವಿನ ವಾಸನೆ.
ಎತ್ತರ ಕಳೆಯಲು ಅಡ್ಡಡ್ಡ ಜಾರುವುದು ಕಲಿತೆ,
ಅರ್ಧ ಹೆದರಿ, ಅರ್ಧ ಹಿಗ್ಗಿ.
ಆಮೇಲೆ ಯಾವಾಗಲೋ ಕೇಳಿಸಿತು:
ಕೋಲು ಎಳೆದಂತೆ ಗಾಳಿಯ ದನಿ ತೆಳ್ಳಗಾಗುವುದು,
ಕೋಲು ಸಡಿಲವಾಗುವುದು.
ಹಾಲಿನ ಪಾಕ ಗಟ್ಟಿಯಾಗುವ ಹೊತ್ತಿಗೆ
ಅವ್ವ ಬಾಣಲೆ ನೋಡುತ್ತಿರಲಿಲ್ಲ;
ಸೌಟು ಹೇಳುತ್ತಿತ್ತು. ಹದ, ಅಷ್ಟೇ, ಅಂಕಿಯಲ್ಲ.

ಒಂಬತ್ತಕ್ಕೆ ಅವರು ಇಳಿದರು. ಏನೂ ಹೇಳಲಿಲ್ಲ,
ಖಾಲಿ ಸೀಟಿನ ಬೆಲ್ಟು ಮಾತ್ರ ಬಿಗಿದು ಕಟ್ಟಿದರು.

ಅವರ ಭಾರವಿಲ್ಲದ ವಿಮಾನ ಚಿಗರೆಯಂತೆ ನೆಗೆಯಿತು.
ಟೋಪಿಯಿಲ್ಲ, ಭುಜವಿಲ್ಲ,
ಬೆಳಗಿನಿಂದ ಬೇಡಿದ ಮುಳ್ಳುಗಳೆಲ್ಲ ಎದುರಿಗೆ.
ಪಾಪ್ಲರ್ ತುದಿ ದಾಟಿ ವೇಗ ನೋಡಿದೆ.
ಸೊನ್ನೆ.
ಗಾಜು ತಟ್ಟಿದೆ. ಸೊನ್ನೆ.
ಹೊಟ್ಟೆಯಲ್ಲಿ ತಣ್ಣೀರು.
ಎಡಕ್ಕೆ ನೋಡುತ್ತೇನೆ: ನಾನು ತಟ್ಟಿದ್ದ ಅದೇ ರೆಕ್ಕೆಯ ಕೆಳಗೆ
ಗಾಳಿ ಅಳೆಯುವ ಕೊಳವೆಗೆ
ಒಂದು ಕಾಲಕ್ಕೆ ಕೆಂಪಾಗಿದ್ದ ಬಟ್ಟೆಯ ಚೀಲ
ತಲೆಗವುಸಿನಂತೆ ಬೆಚ್ಚಗೆ ಕೂತಿದೆ.

ಅಂದರೆ ಬೆಳಗಿನಿಂದಲೂ.

ಬಯ್ಯಲು ಹತ್ತಿರ ಯಾರೂ ಇರಲಿಲ್ಲ.
ಕೆಳಗೆ ಮೂರು ಗುವಾನಾಕೊಗಳು ಕತ್ತೆತ್ತಿ ನೋಡಿ
ಮತ್ತೆ ಮೇಯತೊಡಗಿದವು.
ತಿರುಗಿಸಿದೆ. ಮುಳ್ಳನ್ನು ಬಿಟ್ಟು
ಬಾಗಿಲ ಅಂಚಿಗೆ ಕಿವಿ ಕೊಟ್ಟೆ.
ದನಿ ತೆಳ್ಳಗಾಯಿತು, ಇನ್ನೂ ತೆಳ್ಳಗಾಯಿತು,
ಒಂದು ಸಣ್ಣ ಕುಪ್ಪಳ. ಹುಲ್ಲು.

ಅವರು ಬಂದು ಚೀಲ ಕಳಚಿ ಜೇಬಿಗಿಳಿಸಿ
"ಪುಸ್ತಕ ಕೊಡು" ಅಂದರು. ಸಹಿ ಹಾಕಿದರು.
ನಾನು ಹಗ್ಗ ಬಿಗಿಯುವಾಗ
ಪ್ರೊಪೆಲರ್ ಎಳೆದ ಹುಡುಗ ಬೆನ್ನು ತಿರುಗಿಸಿ ನಗುತ್ತಿದ್ದ.
ಅವನಿಗೂ ಗೊತ್ತಿತ್ತು.